ಒಂದು ಕಡೆ ಬೆಂಕಿ, ಒಂದು ಕಡೆ ನೀರು

ಹೊಸಪೇಟೆಯಲ್ಲಿ ನಾನು ಮಹಡಿಯಲ್ಲಿ ಬಾಡಿಗೆಗಿದ್ದ ಮನೆಯ ಮಾಲೀಕರು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವ ಮನುಷ್ಯ. ಕಂಪ್ಲಿಯಲ್ಲಿ ಅವರದೊಂದು ಅಕ್ಕಿ ಗಿರಣಿ ಇತ್ತು. ಭತ್ತ ಎಷ್ಟು ಒಣಗಿದೆ ಎಂದು ತಿಳಿಯಲು ಗಿರಣಿಯವರು ಒಂದೆರಡು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕೆನಿಸಿ ನೋಡುತ್ತಾರೆ. ಅದು ಕಸುಬಿನ ಅಭ್ಯಾಸ, ಯಾರೂ ತಪ್ಪು ಹೇಳುವಂತಿಲ್ಲ. ಆದರೆ ಇವರು ಆ ಅಭ್ಯಾಸವನ್ನು ಗಿರಣಿಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ಹೊಸ ಚಪ್ಪಲಿ ಕೊಂಡರೆ ಅದರ ಅಂಚನ್ನು ಕಚ್ಚುವರು. ಪೈಪು ಕೊಂಡರೆ ಪೈಪನ್ನು. ನಾನು ಮನೆ ನೋಡಲು ಹೋದ ದಿನ ಕೀಲಿಕೈಯನ್ನು ಒಮ್ಮೆ ಹಲ್ಲಿಗೆ ಹಚ್ಚಿ, ತೃಪ್ತಿಪಟ್ಟು, ಆಮೇಲೆ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಸೆರಗಿನಲ್ಲಿ ಒರೆಸಿಕೊಂಡದ್ದನ್ನು ಕಂಡು ಅವರ ಹೆಂಡತಿ ಗೌರಕ್ಕ, "ಬ್ಯಾಸರ ಮಾಡ್ಕೋಬ್ಯಾಡ್ರಿ ಟೀಚರಮ್ಮ. ಹೆಣ್ಣು ನೋಡಾಕ ಬಂದಾಗ ನನ್ನ ಕೈಯಾಗಿನ ಬಳಿ ಕಚ್ಚಿ ನೋಡ್ಯಾರ" ಎಂದರು.

ಹೋದ ತಿಂಗಳು ಅವರು ತೀರಿಕೊಂಡರು. ಊರಿಗೆಲ್ಲ ಅವರು ಸಾವ್ಕಾರ್ರು, ನನಗೂ ಅಷ್ಟೇ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಗೌರಕ್ಕನೇ ಇಂದಿನವರೆಗೂ ಬಾಯಿಬಿಟ್ಟು ಹೇಳದ ಹೆಸರನ್ನು ನಾನು ಅಚ್ಚಿಗೆ ಹಾಕಿಸಿದರೆ ಆಕೆ ನನ್ನನ್ನು ಸುಮ್ಮನೆ ಬಿಡುವವರಲ್ಲ.

ಆಳು ಗಿಡ್ಡ, ಹೊಟ್ಟೆ ಮುಂದೆ. ಉಡುವುದು ಬಿಳಿ ಧೋತರ. ಬಿಳಿ ಎನ್ನುವುದು ಅಂಗಡಿಯಲ್ಲಿ ಕೊಳ್ಳುವಾಗಿನ ಮಾತು. ಅದು ಸಂಡೂರಿನ ಗುಡ್ಡಗಳು ಅದಿರಾಗಿ ಲಾರಿ ಹತ್ತಿ ಬಂದರಿನ ಕಡೆ ಹೊರಟಿದ್ದ ಕಾಲ. ಒಣಹಾಕಿದ ಬಟ್ಟೆ, ತುಳಸಿಕಟ್ಟೆ, ನಮ್ಮ ಶಾಲೆಯ ಮಕ್ಕಳ ಹುಬ್ಬು, ಎಲ್ಲವೂ ಆ ಧೂಳಿಗೆ ಕೆಂಪು. ಧೋತರ ಎಂಥ ಸೋಪಿನಲ್ಲಿ ತೊಳೆದರೂ ನಸುಗೆಂಪಾಗಿಯೇ ಉಳಿಯುತ್ತಿತ್ತು. ಆ ಧೋತರ ಹೊಟ್ಟೆಯ ಇಳಿಜಾರಿನಲ್ಲಿ ನಿಂತದ್ದು ಪೂರ್ತಿಯಾಗಿ ಉಡದಾರದ ಬಲದ ಮೇಲೆ. ಆ ಉಡದಾರದಲ್ಲಿ ಬ್ರಿಟಿಷರ ಕಾಲದ, ನಡುವೆ ತೂತಿರುವ ಒಂದು ತಾಮ್ರದ ಕಾಸು ಇತ್ತು. ಹುಟ್ಟಿದಾಗ ಬದುಕುವ ಕೂಸಲ್ಲ ಎಂದಿದ್ದರಂತೆ. ಅವರ ತಾಯಿ ಆ ಕಾಸನ್ನು ಪೋಣಿಸಿ ಸೊಂಟಕ್ಕೆ ಕಟ್ಟಿದ್ದರು. ಆಮೇಲೆ ಪ್ರತಿ ಯುಗಾದಿಗೆ ದಾರ ಬದಲಾಗುತ್ತಿತ್ತು, ಕಾಸು ಅದೇ. ತಾಯಿ ಹೋದ ಮೇಲೆ ಆ ಕೆಲಸ ಗೌರಕ್ಕನದು. ಮೊದಲು ಹೊಸ ದಾರ ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚಬೇಕು. ಗಂಡಸಿನ ನಡ ಒಂದು ಗಳಿಗೆಯೂ ಬರಿದಾಗಬಾರದು, ಬರಿದಾಗುವುದು ಸತ್ತ ದಿನ ಮಾತ್ರ ಎನ್ನುವುದು ಆ ಮನೆಯ ಕಟ್ಟು.

ಎದುರು ಮನೆಯವರು ಮೊನ್ನೆಮೊನ್ನೆಯವರೆಗೆ ಸೈಕಲ್ ರಿಪೇರಿ ಮಾಡುತ್ತಿದ್ದವರು, ಗಣಿಗೆ ಎರಡು ಟಿಪ್ಪರ್ ಬಿಟ್ಟು ದೊಡ್ಡ ಕಾರು ತಂದರು. ಮರುವಾರವೇ ಸಾವ್ಕಾರ್ರು ಅದಕ್ಕಿಂತ ಒಂದು ಗೇಣು ಉದ್ದದ ಡೀಸೆಲ್ ಕಾರು ತಂದು ನಿಲ್ಲಿಸಿದರು. ಗಣಿ ಗುತ್ತಿಗೆದಾರರೊಬ್ಬರು ಗುಡ್ಡದ ದಾರಿಯಲ್ಲಿ ಮನಸೋ ಇಚ್ಛೆ ಓಡಿಸಿ ಬೇಸತ್ತು ಮಾರಿದ್ದ ಕಾರು. ಅದರಲ್ಲಿ ಟರ್ಬೊ ಇದೆ ಎಂದು ಡ್ರೈವರನೊಬ್ಬ ಇವರಿಗೆ ವಿವರಿಸಿದ. ಎಂಜಿನ್ನಿನ ಹೊಗೆ ಒಂದು ಪುಟ್ಟ ಫ್ಯಾನನ್ನು ತಿರುಗಿಸುತ್ತದೆ, ಆ ಫ್ಯಾನು ಎಂಜಿನ್ನಿಗೇ ಇನ್ನಷ್ಟು ಗಾಳಿ ತುಂಬುತ್ತದೆ, ಅದು ಕಾದು ಕೆಂಡವಾಗುವುದರಿಂದ ಸುತ್ತ ನೀರು ಹರಿಸಿ ತಣ್ಣಗಿಡುತ್ತಾರೆ ಎಂದು. ಸಾವ್ಕಾರ್ರ ಮುಖ ಅರಳಿತು. ಅವರ ಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ಇತ್ತಲ್ಲ, ಇದೂ ಅದರ ತಮ್ಮನೇ ಎಂದು ತೀರ್ಮಾನವಾಯಿತು.

"ಮಿಷನ್ ಎಲ್ಲಾ ಒಂದಽ ರೀ ಟೀಚರಮ್ಮ. ಒಂದ್ಕಡೆ ಬೆಂಕಿ, ಒಂದ್ಕಡೆ ನೀರು, ನಡುವ ನಾನು."

ಈ ಮಾತನ್ನು ಅವರು ಬೋರ್‌ವೆಲ್ಲಿಗೂ ಹೇಳುತ್ತಿದ್ದರು, ಗೌರಕ್ಕನ ಮಿಕ್ಸಿಗೂ ಹೇಳುತ್ತಿದ್ದರು. ಮಿಕ್ಸಿಯಲ್ಲಿ ಬೆಂಕಿ ಎಲ್ಲಿದೆ ಎಂದು ನಾನು ಒಮ್ಮೆ ಕೇಳಿದ್ದೆ. ಅವರು ಬಿಚ್ಚಿ ಜೋಡಿಸಿದ ಮೇಲೆ ಅದರಲ್ಲಿ ನಿಜಕ್ಕೂ ಬೆಂಕಿ ಕಾಣಿಸಿಕೊಂಡಿತು.

ಕಾರು ಬಂದ ಕೆಲವೇ ದಿನಗಳಲ್ಲಿ ಗೌರಕ್ಕನ ರಂಗೋಲಿಯ ಮೇಲೆ ಅದರ ಮೂತಿಯಿಂದ ಹಸಿರು ನೀರು ತೊಟ್ಟಿಕ್ಕತೊಡಗಿತು. ಬೆಳಿಗ್ಗೆ ಎದ್ದು ಅಂಗಳ ಸಾರಿಸಿ ಚುಕ್ಕೆ ಇಡುವಾಗ ಇಲ್ಲದ್ದು, ಎಳೆ ಎಳೆದು ಮುಗಿಸುವಷ್ಟರಲ್ಲಿ ತಾವರೆಯ ನಡುವೆ ಪಚಕ್ಕನೆ ಬೀಳುತ್ತಿತ್ತು. ಸಾವ್ಕಾರ್ರು ಬೆರಳದ್ದಿ ನೆಕ್ಕಿ, "ಸೀ ಐತಿ" ಎಂದರು. ಎಂಜಿನ್ ತಣಿಸುವ ಆ ಕೂಲೆಂಟು ವಿಷ ಎಂದು ನಾನು ಮಹಡಿಯಿಂದ ಕಿರುಚಿದೆ. ಗೌರಕ್ಕ ಅವರನ್ನು ಎಳೆದು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಅಷ್ಟರಿಂದ ಏನೂ ಆಗದು, ಇನ್ನು ಮೇಲೆ ನಾಲಗೆಯನ್ನು ಬಾಯೊಳಗೇ ಇಟ್ಟುಕೊಳ್ಳಿ ಎಂದು ಬೈದು ಕಳಿಸಿದರಂತೆ. ಅದಕ್ಕೂ ಸಾವ್ಕಾರ್ರು ಹೆಮ್ಮೆಪಟ್ಟರು. ಡಾಕ್ಟರಿಗೂ ರುಚಿ ಗೊತ್ತಿರಲಿಲ್ಲ, ನಾನೇ ತಿಳಿಸಿದೆ ಎಂದರು.

ಸೋರುವ ಜಾಗ ಹುಡುಕಿದ್ದು ಮಾತ್ರ ನೋಡುವಂತಿತ್ತು. ಕೆಂಪು ಧೂಳು ಮೆತ್ತಿ ಎಂಜಿನ್ ಪೂರ್ತಿ ಒಂದೇ ಬಣ್ಣ, ಹಸಿ ಯಾವುದು ಒಣ ಯಾವುದು ತಿಳಿಯದು. ಅವರು ಎಲ್ಲವನ್ನೂ ತೊಳೆದು ಒರೆಸಿ, ದೇವರ ಮನೆಯಿಂದ ವಿಭೂತಿ ತಂದು ನುಣ್ಣಗೆ ಪುಡಿ ಮಾಡಿ, ಕೊಳವೆ ಸೇರುವ ಒಂದೊಂದು ಜಾಗಕ್ಕೂ ಹಚ್ಚಿದರು. ಕೈಗೆ ಅಭ್ಯಾಸವಾದದ್ದು ಮೂರು ಬೆರಳು, ಹಾಗಾಗಿ ಎಲ್ಲ ಕಡೆಯೂ ಮೂರು ಮೂರು ಪಟ್ಟೆ ಮೂಡಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾತ ಚಪ್ಪಲಿ ಬಿಟ್ಟು ಕೈಮುಗಿದು ಹೋದ. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಟರ್ಬೊದ ಬದಿಯ ವಿಭೂತಿ ಕಪ್ಪಾಗಿ ಹಸಿಯಾಯಿತು. ಅಲ್ಲಿ ನೀರಿನ ಕೊಳವೆ ಬಂದು ಸೇರುವ ಕಡೆ ಒಂದು ಟೊಳ್ಳು ಬೋಲ್ಟು, ಅದರ ಹಿಂದೊಂದು ಮುಂದೊಂದು ತಾಮ್ರದ ವಾಷರ್. ಅವುಗಳಲ್ಲಿ ಒಂದು ಸವೆದಿತ್ತು. ಇಷ್ಟೇ ರೋಗ.

ಇಷ್ಟೇ ರೋಗಕ್ಕೆ ಊರಲ್ಲಿ ವೈದ್ಯರಿರಲಿಲ್ಲ. ಮೆಕ್ಯಾನಿಕ್ಕುಗಳೆಲ್ಲ ಟಿಪ್ಪರ್‌ಗಳ ಹೊಟ್ಟೆಯ ಕೆಳಗೆ ಮಲಗಿದ್ದರು. ಸ್ಟೇಷನ್ ರಸ್ತೆಯ ಗ್ಯಾರೇಜಿನವನು ಮಲಗಿದಲ್ಲಿಂದಲೇ, ಆ ವಾಷರ್ ಹುಬ್ಬಳ್ಳಿಯಿಂದ ತರಿಸಬೇಕು, ಮುಂದಿನ ತಿಂಗಳು ಬರ್ರಿ, ಅಲ್ಲಿತನಕ ಅದನ್ನ ಮುಟ್ಟಬ್ಯಾಡ್ರಿ, ಅದು ಅಕ್ಕಿ ಮಿಷನ್ ಅಲ್ಲ ಎಂದ. ಕಡೆಯ ಮಾತೊಂದನ್ನು ಅವನು ಹೇಳಬಾರದಿತ್ತು. ಸಾವ್ಕಾರ್ರು ಅಂದಿನಿಂದ ತಾವೇ ಮುಟ್ಟತೊಡಗಿದರು.

ಮೊದಲು ಬಟ್ಟೆ ಸೋಪು ಮೆತ್ತಿದರು. ಕಾರು ಬಸ್ ಸ್ಟ್ಯಾಂಡಿನವರೆಗೆ ನೊರೆ ಬಿಡುತ್ತ ಹೋಗಿ ಬಂತು. ಆಮೇಲೆ ಹಳೆಯ ಕಾಲದ ಗಾರೆಯವರನ್ನು ನೆನೆದು ಬೆಲ್ಲ, ಸುಣ್ಣ ಕಲಸಿ ಮೆತ್ತಿದರು. ಗೌರಕ್ಕ ಹೋಳಿಗೆಗೆಂದು ಎತ್ತಿಟ್ಟಿದ್ದ ಅಚ್ಚು ಬೆಲ್ಲ. ಬೆಳಗಾಗುವಷ್ಟರಲ್ಲಿ ತುಳಸಿಕಟ್ಟೆಯಿಂದ ಕಾರಿನ ಟೈರಿನವರೆಗೆ, ಟೈರಿನಿಂದ ಬಾನೆಟ್ಟಿನೊಳಗೆ ಇರುವೆಗಳ ಸಾಲು. ನಮ್ಮ ಮಕ್ಕಳು ಪ್ರಾರ್ಥನೆಗೆ ಅಷ್ಟು ಶಿಸ್ತಿನಿಂದ ನಿಂತದ್ದನ್ನು ನಾನು ಕಂಡಿಲ್ಲ. ಕಾರು ಚಾಲೂ ಆದಾಗ ಏ.ಸಿ.ಯ ಕಿಂಡಿಯಿಂದ ಬೆಚ್ಚಗಿನ ಬೆಲ್ಲದ ವಾಸನೆ ಬರುತ್ತಿತ್ತು, ಆಗಾಗ ಒಂದೊಂದು ಇರುವೆಯೂ ಬರುತ್ತಿತ್ತು.

ಗೌರಕ್ಕ ಅದನ್ನೂ ಸಹಿಸಿದರು. ಸಹಿಸಲಾಗದ್ದು ನಡೆದದ್ದು ಮೆಟ್ರಿ ಎಂಬ ಹಳ್ಳಿಯ ದಾರಿಯಲ್ಲಿ. ಅಲ್ಲಿ ಗೌರಕ್ಕನ ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯ. ರೇಷ್ಮೆ ಸೀರೆಯುಟ್ಟು, ತೊಟ್ಟಿಲಿಗೆ ಕಟ್ಟುವ ಬೆಳ್ಳಿ ಗೆಜ್ಜೆ ಹಿಡಿದುಕೊಂಡು ಹೊರಟವರ ಕಾರು ಊರು ಇನ್ನೂ ದೂರವಿರುವಾಗಲೇ ಭತ್ತದ ಗದ್ದೆಗಳ ನಡುವೆ ಬುಸುಗುಟ್ಟಿ ನಿಂತಿತು. ಸಾವ್ಕಾರ್ರು ಬಾನೆಟ್ ಎತ್ತಿ ಬಗ್ಗಿದರು. ಕಾಲುವೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತದ್ದು ಗೌರಕ್ಕ. ಕೊನೆಗೆ ಗೊಬ್ಬರದ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತುಕೊಂಡು ಅವರು ಮೆಟ್ರಿ ಪ್ರವೇಶಿಸಿದಾಗ ಕೂಸಿಗೆ ಹೆಸರಿಟ್ಟಾಗಿತ್ತು. ಬೀಗರೆಲ್ಲ ಊಟ ಬಿಟ್ಟು ಹೊರಬಂದು ನೋಡಿದರಂತೆ.

ಮರುದಿನ ಗೌರಕ್ಕ ಸಂಡೂರಿನ ಬಸ್ಸು ಹತ್ತಿದರು. ಅಲ್ಲಿ ಅವರ ತವರು. ಹೋಗುವ ಮೊದಲು ಮಹಡಿ ಹತ್ತಿ ನನ್ನ ಬಳಿ ಬಂದು ತಾವು ಮರಳಿ ಬರುವುದಕ್ಕೆ ಕರಾರು ಹೇಳಿದರು. ಗಂಡ ಅದೇ ಕಾರಿನಲ್ಲಿ ಬರಬೇಕು, ಹೊಸಪೇಟೆಯಿಂದ ಸಂಡೂರಿನವರೆಗೆ ಅದು ಎಲ್ಲೂ ನಿಲ್ಲಬಾರದು, ನಾನು ಜೊತೆಗೆ ಬಂದು ಸಾಕ್ಷಿ ಹೇಳಬೇಕು. "ಅವರ ಮಾತು ನಾನು ನಂಬೂದಿಲ್ರಿ. ಕುದಿಯೋ ಕಾರಿನ ಮುಂದ ನಿಂತು, ಇದು ಬೆವರು ಅಂತಾರ" ಎಂದರು.

ಗೌರಕ್ಕನಿಲ್ಲದ ಸಾವ್ಕಾರ್ರನ್ನು ನೋಡಲಾಗುತ್ತಿರಲಿಲ್ಲ. ಅಂಗಳದಲ್ಲಿ ರಂಗೋಲಿಯಿಲ್ಲ. ಕಾರು ಈಗ ಯಾರ ಅಡ್ಡಿಯೂ ಇಲ್ಲದೆ ಆರಾಮವಾಗಿ ಸೋರುತ್ತಿತ್ತು, ಅದನ್ನು ನೋಡುತ್ತ ಅವರು ಜಗಲಿಯಲ್ಲಿ ಕೂರುತ್ತಿದ್ದರು. ಬೆಳಿಗ್ಗೆ ಮಂಡಕ್ಕಿ, ಸಂಜೆಯೂ ಮಂಡಕ್ಕಿ. ಕನಿಕರಪಟ್ಟು ಒಮ್ಮೆ ಚಪಾತಿ ಕೊಟ್ಟೆ. ಕಚ್ಚಿ, ಕಣ್ಣುಮುಚ್ಚಿ ಯೋಚಿಸಿ, "ಇದು ಗಿರಣಿಗೆ ಹಾಕಬೌದು" ಎಂದರು. ಚೆನ್ನಾಗಿ ಒಣಗಿದ ಭತ್ತಕ್ಕೆ ಹೇಳುವ ಮಾತು ಅದು. ಇನ್ನೊಮ್ಮೆ ಕೊಡಲಿಲ್ಲ. ಆದರೆ ಅದೇ ಸಂಜೆ ಅವರು, ಆಕೆ ಹೋದಾಗಿನಿಂದ ಬೈಯುವವರೇ ಇಲ್ಲ, ಮನೆ ಮನೆಯಂತೆ ಇಲ್ಲ ಎಂದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಹುಬ್ಬಳ್ಳಿಯ ವಾಷರ್ ಬರಲಿಲ್ಲ. ಅವರು ಹಳೆಯದನ್ನೇ ಬಿಚ್ಚಿ, ಗೌರಕ್ಕನ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿದರು. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗಿ ಚೆನ್ನಾಗಿ ಕಚ್ಚಿ ಕೂರುತ್ತದಂತೆ, ಬಾಯ್ಲರಿನ ವಿದ್ಯೆ. ಮಗುಚಿ ಹಾಕಿ ಬಿಗಿದರು. ಪರೀಕ್ಷೆಗೆಂದು ಹಂಪಿ ಬಜಾರಿನವರೆಗೆ ಹೋಗಿ ಬಂದೆವು, ಒಂದು ಹನಿ ಬೀಳಲಿಲ್ಲ. ಭಾನುವಾರ ಸಂಡೂರಿಗೆ ಹೊರಟೆವು. ಅವರು ಹೊಸ ಧೋತರ ಉಟ್ಟಿದ್ದರು, ಹಿಂದಿನ ಸೀಟಿನಲ್ಲಿ ಒಂದು ಬುಟ್ಟಿ ಮಲ್ಲಿಗೆ ಇತ್ತು. ಏಕೆಂದು ನಾನು ಕೇಳಲಿಲ್ಲ.

ಘಾಟಿಯವರೆಗೆ ಕಾರು ಸಂಭಾವಿತನಂತೆ ನಡೆಯಿತು. ಘಾಟಿಯಲ್ಲಿ ಅದಿರಿನ ಲಾರಿಗಳ ಸಾಲು ಸಿಕ್ಕಿತು. ಅವುಗಳ ಹಿಂದೆ ಮೊದಲ ಗೇರಿನಲ್ಲಿ ತೆವಳುತ್ತ ಏರುವಾಗ ಶಾಖದ ಮುಳ್ಳು ಮೇಲೇರಿತು, ಅವರ ಪಾದ ತಾನೇ ತಾನಾಗಿ ಬ್ರೇಕಿನ ಕಡೆ ಹೋಯಿತು, ಬಾನೆಟ್ಟಿನಿಂದ ಆವಿ ಎದ್ದಿತು. ಕಾರನ್ನು ಬದಿಯ ಚಾ ಅಂಗಡಿಯ ಮುಂದೆ ನಿಲ್ಲಿಸಿ ಅವರು ಸ್ವಲ್ಪ ಹೊತ್ತು ಸ್ಟೇರಿಂಗ್ ಹಿಡಿದೇ ಕುಳಿತರು.

"ನಿಂತೇಬಿಡ್ತು ಟೀಚರಮ್ಮ. ಇನ್ನ ಆಕಿ ಬರೂದಿಲ್ಲ."

ಸಾಕ್ಷಿ ಹೇಳಬೇಕಾದವಳು ನಾನು, ಏನೆಂದು ಹೇಳಲಿ ಎಂಬ ಚಿಂತೆ ಆಗಲೇ ಶುರುವಾಗಿತ್ತು.

ಕಾರು ಆರಿದ ಮೇಲೆ ಬೋಲ್ಟು ಬಿಚ್ಚಿದರು. ಹಳೆಯ ವಾಷರ್ ಎರಡು ತುಂಡಾಗಿ ಅಂಗೈಗೆ ಬಂತು. ಅದನ್ನು ಎಷ್ಟು ಕಚ್ಚಿ ನೋಡಿದರೂ ಒಂದಾಗುವಂತಿರಲಿಲ್ಲ. ಅವರು ಕಲ್ಲಿನ ಮೇಲೆ ಕುಳಿತು, ಯೋಚಿಸುವಾಗಿನ ಅಭ್ಯಾಸದಂತೆ ಸೊಂಟದ ಕಾಸನ್ನು ಉಡದಾರದಲ್ಲಿ ಅತ್ತಿತ್ತ ತಿರುಗಿಸತೊಡಗಿದರು. ತಿರುಗಿಸುತ್ತಿದ್ದ ಕೈ ಒಮ್ಮೆಲೇ ನಿಂತಿತು. ಅಂಗೈಯಲ್ಲಿದ್ದ ತುಂಡುಗಳನ್ನು ನೋಡಿದರು, ಕಾಸನ್ನು ನೋಡಿದರು, ಆಕಾಶ ನೋಡಿದರು. ಅಲ್ಲಿ ಅವರ ತಾಯಿ ಇದ್ದಿರಬೇಕು. ಕಡೆಗೆ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಟೀಚರಮ್ಮ, ಒಂದೀಟು ಗುಡ್ಡ ನೋಡ್ರಿ" ಎಂದರು.

ನಾನು ಗುಡ್ಡ ನೋಡಿದೆ. ನೋಡಲು ಹೆಚ್ಚೇನೂ ಉಳಿದಿರಲಿಲ್ಲ, ಅರ್ಧ ಗುಡ್ಡ ಆಗಲೇ ಹಡಗು ಹತ್ತಿತ್ತು. ಹಿಂದಿನಿಂದ ಗಂಟು ಬಿಚ್ಚಲಾಗದೆ ಮುಲುಕುವ ಸದ್ದು, ಆಮೇಲೆ ದಾರವನ್ನು ಹಲ್ಲಿನಲ್ಲಿ ಕಟಕ್ಕೆನಿಸಿದ ಸದ್ದು ಕೇಳಿಸಿತು. ಆ ಹೊಟ್ಟೆಯಿಟ್ಟುಕೊಂಡು ಅವರ ಬಾಯಿ ಸೊಂಟದವರೆಗೆ ಹೇಗೆ ಮುಟ್ಟಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಕಾಸನ್ನು ಚಾ ಅಂಗಡಿಯವನ ಸ್ಟೋವಿನಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತೂತಿನ ಅಂಚನ್ನು ಸ್ವಲ್ಪ ಕೆರೆದರು. ಬೋಲ್ಟಿನಲ್ಲಿ ಅದು ಕೂತ ಚೆಂದ ನೋಡಿದರೆ ಬ್ರಿಟಿಷರು ಅದನ್ನು ಟರ್ಬೊಗೆಂದೇ ಟಂಕಿಸಿದ್ದರೇನೋ ಅನ್ನಿಸುವಂತಿತ್ತು. ಇನ್ನು ಬಿಗಿಯುವುದು ಬಾಕಿ. ಎಡಗೈಯಲ್ಲಿ ಕೊಳವೆ, ಬಲಗೈಯಲ್ಲಿ ಬೋಲ್ಟು ತಿರುಗಿಸುವ ಪಾನಾ. ಮೈಯ ಭಾರವನ್ನೆಲ್ಲ ಹಾಕಿ ಒಮ್ಮೆ ಜಗ್ಗಿದರು. ಉಡದಾರವಿಲ್ಲದ ಧೋತರ ಆ ಒಂದು ಜಗ್ಗಿಗೇ ಕಾದಿದ್ದಂತೆ ಜಾರಿ ಕಾಲ ಸುತ್ತ ಗುಪ್ಪೆಯಾಯಿತು.

ನಾನು ಮತ್ತೆ ಗುಡ್ಡ ನೋಡಿದೆ. ಲಾರಿಗಳವರಿಗೆ ಅಂಥ ಸಂಕೋಚವಿರಲಿಲ್ಲ. ಒಬ್ಬ ಹಾರ್ನ್ ಹೊಡೆದ, ಅವನ ಹಿಂದಿನವನು ಹೊಡೆದ, ಘಾಟಿಯುದ್ದಕ್ಕೂ ಹಾರ್ನಿನ ಮೆರವಣಿಗೆ ಇಳಿದು ಹೋಯಿತು. ಸಾವ್ಕಾರ್ರು ಕೈಬಿಡಲಿಲ್ಲ. ಪಟ್ಟೆ ಚಡ್ಡಿಯಲ್ಲೇ ನಿಂತು ಬೋಲ್ಟನ್ನು ಕಡೆಯ ಸುತ್ತಿನವರೆಗೆ ಬಿಗಿದು, ಆಮೇಲೆ ಧೋತರ ಎತ್ತಿಕೊಂಡರು. ಅಕ್ಕಿ ಚೀಲ ಹೊಲಿಯುವ ಸುತಲಿ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನೇ ಸೊಂಟಕ್ಕೆ ಸುತ್ತಿ ಬಿಗಿದರು. ನೀರು ತುಂಬಿಸಿ, ಜೇಬಿನಲ್ಲಿದ್ದ ವಿಭೂತಿ ಹಚ್ಚಿ ಎಂಜಿನ್ ಚಾಲೂ ಮಾಡಿ ಕಾದೆವು. ಮೂರೂ ಪಟ್ಟೆ ಬೆಳ್ಳಗೆ ಒಣಗಿಯೇ ಉಳಿದವು.

ಸಂಡೂರಿನಲ್ಲಿ ಗೌರಕ್ಕ ಬಾಗಿಲಲ್ಲೇ ನಿಂತಿದ್ದರು. ಗಂಡನ ಕಡೆ ತಿರುಗಿಯೂ ನೋಡದೆ ನನ್ನನ್ನು ಕೇಳಿದರು, "ಎಲ್ಲೆರ ನಿಂತಿತ್ತೇನು ಟೀಚರಮ್ಮ?"

ನಾನು ಬಾಯಿ ತೆರೆದೆ. ದಾರಿಯುದ್ದಕ್ಕೂ ತಯಾರು ಮಾಡಿಕೊಂಡಿದ್ದ ಉತ್ತರ ಯಾವುದೆಂದು ಈಗ ನೆನಪಿಲ್ಲ, ಏಕೆಂದರೆ ಅದರ ಅಗತ್ಯ ಬೀಳಲಿಲ್ಲ.

"ನಿಂತಿತ್ತು" ಎಂದರು ಸಾವ್ಕಾರ್ರು.

ಆಗ ಗೌರಕ್ಕ ಅವರ ಕಡೆ ತಿರುಗಿದರು. ಕಣ್ಣು ಮುಖದಿಂದ ಇಳಿದು ಸೊಂಟದ ಸುತಲಿಯ ಮೇಲೆ ನಿಂತಿತು.

"ಉಡದಾರ ಎಲ್ಲಿ?"

"ಹರದೆ."

"ಅತ್ತಿ ಕಟ್ಟಿದ ಕಾಸು?"

"ಎಂಜಿನ್ನದಾಗ ಐತಿ. ಅದನ್ನ ಹಾಕಿದ ಮ್ಯಾಲೆ ಒಂದು ಹನಿ ಬಿದ್ದಿಲ್ಲ."

ಗೌರಕ್ಕ ಒಳಗೆ ಹೋದರು. ಇನ್ನು ಬಾಗಿಲು ಹಾಕುತ್ತಾರೆ ಎಂದುಕೊಂಡೆ. ಸಾವ್ಕಾರ್ರೂ ಹಾಗೇ ಅಂದುಕೊಂಡರೆಂದು ಕಾಣುತ್ತದೆ, ಮಲ್ಲಿಗೆಯ ಬುಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟರು. ಆಕೆ ಕರಿ ದಾರದ ಉಂಡೆ ಹಿಡಿದು ಹೊರಬಂದರು. ಓಣಿಯವರೆಲ್ಲ ನೋಡುತ್ತಿದ್ದಂತೆ, ಹೊಸ್ತಿಲು ದಾಟಲೂ ಬಿಡದೆ, ಅಂಗಳದಲ್ಲೇ ನಿಲ್ಲಿಸಿ, ಅಂಗಿ ಎತ್ತಿಸಿ ಹೊಸ ಉಡದಾರ ಕಟ್ಟಿದರು. ಅದು ಕಟ್ಟಿಯಾದ ಮೇಲೆಯೇ ಸುತಲಿ ಬಿಚ್ಚಿದರು. ಬೈಗುಳ ಮಾತ್ರ ಆರಂಭದಿಂದ ಕೊನೆಯವರೆಗೆ ಹರಿಯಿತು. ನಾನು ಇನ್ನೂ ಬದುಕಿರುವಾಗ ಉಡದಾರ ಹರಿದುಕೊಳ್ಳಲು ನಿಮಗೆ ಕೈ ಹೇಗೆ ಬಂತು ಎಂದರು. ಕೈ ಅಲ್ಲ, ಹಲ್ಲು ಎಂದು ಇವರು ತಿದ್ದಿದರು. ಬೈಯುತ್ತಿದ್ದ ಗೌರಕ್ಕನ ಕಣ್ಣಲ್ಲಿ ನೀರಿತ್ತು, ಬೈಸಿಕೊಳ್ಳುತ್ತಿದ್ದವರ ಮುಖ ಮಂಡಕ್ಕಿ ತಿಂದ ಆ ದಿನಗಳಲ್ಲಿ ಎಂದೂ ಇಲ್ಲದಷ್ಟು ಅರಳಿತ್ತು. ಆಮೇಲೆ ಒಳಗಿನಿಂದ ಆಕೆಯ ಬ್ಯಾಗು ಬಂತು. ಅದು ಮೊದಲೇ ತುಂಬಿ ಸಿದ್ಧವಾಗಿತ್ತು.

ಹೊಸಪೇಟೆಗೆ ಬಂದ ಮೇಲೆ ಆ ಕಾರನ್ನು ಮುಟ್ಟುವ ಅಧಿಕಾರ ಪೂರ್ತಿಯಾಗಿ ಗೌರಕ್ಕನ ಕೈಗೆ ಹೋಯಿತು. ಹುಬ್ಬಳ್ಳಿಯ ವಾಷರ್ ಹಿಡಿದು ಗ್ಯಾರೇಜಿನವನು ಕಡೆಗೊಮ್ಮೆ ಬಂದ. ಆಕೆ ಅವನಿಗೆ ಚಾ ಕೊಟ್ಟು, ವಾಷರನ್ನು ಅವನ ಜೇಬಿಗೇ ಹಾಕಿ ಕಳಿಸಿದರು. ಸೋಮವಾರ ಸೋಮವಾರ ಬಾನೆಟ್ ಎತ್ತಿ ಆ ಬೋಲ್ಟಿಗೆ ವಿಭೂತಿ ಹಚ್ಚುವರು. ಪೂಜೆಯೂ ಆಯಿತು, ತಪಾಸಣೆಯೂ ಆಯಿತು. ಅತ್ತೆ ಸೊಸೆಗೆ ಹಿಂದೆ ಅಷ್ಟಕ್ಕಷ್ಟೇ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಸಂಗತಿ, ಹಾಗಾಗಿ ಈ ಭಕ್ತಿ ಎಲ್ಲಿಂದ ಬಂತು ಎಂದು ನಾನು ಕೆಣಕಿದೆ. ಗೌರಕ್ಕ ಪಟ್ಟೆ ಎಳೆಯುತ್ತಲೇ ಉತ್ತರಿಸಿದರು. "ಬದುಕಿದ್ದಾಗ ನಮ್ಮತ್ತಿ ನನ್ನ ಒಂದು ಮಾತು ಕೇಳಲಿಲ್ರಿ. ಈಗ ನೋಡ್ರಿ, ಬಾಯಿ ಮುಚ್ಕೊಂಡು ನೀರು ಹಿಡದು ಕುಂತಾರ."

ಗಣಿ ನಿಂತಿತು, ಲಾರಿಗಳು ಹೋದವು, ಧೋತರ ಮತ್ತೆ ಬಿಳಿಯಾಯಿತು. ಎದುರು ಮನೆಯವರ ಕಾರು ಟಿಪ್ಪರ್‌ಗಳ ಹಿಂದೆಯೇ ಮಾರಾಟವಾಯಿತು. ನನಗೆ ಬೇರೆ ಊರಿಗೆ ವರ್ಗವಾದಾಗ ಸಾಮಾನು ಹೇರಿಕೊಂಡು ಸ್ಟೇಷನ್ನಿಗೆ ಬಿಟ್ಟದ್ದು ಅದೇ ಕಾರು. ಸಾವ್ಕಾರ್ರು ನನ್ನ ಟಿಕೆಟನ್ನು ತೆಗೆದುಕೊಂಡು ಒಮ್ಮೆ ಹಲ್ಲಿಗೆ ಹಚ್ಚಿ ನೋಡಿ, "ಗಟ್ಟಿ ಐತಿ, ಹೋಗಿ ಬರ್ರಿ" ಎಂದಿದ್ದರು.

ಸಾವಿನ ಸುದ್ದಿ ತಿಳಿದು ನಾನು ಹೋದಾಗ ಅವರನ್ನು ಜಗಲಿಯಲ್ಲಿ ಕೂರಿಸಿದ್ದರು. ಹಣೆಯ ಮೇಲೆ ಮೂರು ಪಟ್ಟೆ, ಅಂಗಳದಲ್ಲಿ ಹಳೆಯ ಕಾರು. ಸ್ನಾನ ಮಾಡಿಸುವಾಗ ಮನೆತನದ ಹಿರಿಯರೊಬ್ಬರು ಪದ್ಧತಿಯಂತೆ ಉಡದಾರ ಹರಿದರು. ಅವರಿಗೆ ಏನೋ ನೆನಪಾಯಿತು. ಇದರಲ್ಲಿ ತಾಯಿ ಕಟ್ಟಿದ್ದ ಒಂದು ಕಾಸು ಇರಬೇಕಲ್ಲ, ಅದು ಅವನ ಸಂಗಡವೇ ಹೋಗಬೇಕು ಎಂದರು. ವಿಷಯ ತಿಳಿದಿದ್ದ ಗೌರಕ್ಕನ ತಂಗಿಯ ಮಗ, ಅದೇನು ದೊಡ್ಡ ಕೆಲಸ, ಒಂದು ಗಳಿಗೆಯಲ್ಲಿ ತೆಗೆದುಕೊಡುತ್ತೇನೆ ಎಂದು ಪಾನಾ ಹಿಡಿದು ಬಾನೆಟ್ ಎತ್ತಿದ. ಬೋಲ್ಟಿನ ಮೇಲೆ ಆ ಸೋಮವಾರದ ವಿಭೂತಿ ಹಚ್ಚಿದಂತೆಯೇ ಇತ್ತು.

ಬೆಳಗಿನಿಂದ ಕಂಬಕ್ಕೆ ಒರಗಿ ಕುಳಿತಿದ್ದ ಗೌರಕ್ಕ ಆಗ ತಲೆ ಎತ್ತಿದರು.

"ಬ್ಯಾಡಪ್ಪ" ಎಂದರು. "ಅದನ್ನ ತಗದ್ರ ಸೋರತೈತಿ."

ಅವನು ಪಾನಾ ಕೆಳಗಿಟ್ಟು ಬಾನೆಟ್ ಮುಚ್ಚಿದ.